ಎಲೆಕ್ಟ್ರಿಕ್ ಪಿಟೀಲಿನ ಪೆಟ್ಟಿಗೆ ಹೊರಗಿದೆ

ಹೊಸ ಎಲೆಕ್ಟ್ರಿಕ್ ಪಿಟೀಲು, ಒಂದು ಕೇಬಲ್, ಸದ್ದುಗಳನ್ನು ಬೆರೆಸಿ ಸ್ಪೀಕರಿಗೆ ಕಳಿಸುವ ಒಂದು ಮಿಕ್ಸರ್. ಅವತ್ತು ನನ್ನ ಹತ್ತಿರ ಇದ್ದದ್ದು ಇಷ್ಟೇ. ಕೇಬಲ್ಲಿನ ಒಂದು ತುದಿಯನ್ನು ಪಿಟೀಲಿಗೆ, ಇನ್ನೊಂದು ತುದಿಯನ್ನು ಮಿಕ್ಸರಿನ ಲೈನ್ ಇನ್‌ಪುಟ್ಟಿಗೆ ಸಿಕ್ಕಿಸಿ ಕಮಾನು ಎಳೆದೆ. ತಗಡಿನ ಡಬ್ಬಿಯೊಳಗೆ ಸೊಳ್ಳೆ ಗುಂಯ್‌ಗುಡುವಂಥ ಸದ್ದು ಬಂತು. ಮೇಲಿನ ತಂತಿ ಕಿವಿ ಕೊರೆಯುತ್ತಿತ್ತು. ಕೆಳಗಿನ ಜಿ ತಂತಿ ಇದೆಯೋ ಇಲ್ಲವೋ ಅನ್ನುವ ಹಾಗಿತ್ತು. ಪಿಟೀಲೇ ಸರಿ ಇಲ್ಲ ಅಂದುಕೊಂಡು ಮನಸ್ಸು ಮುದುಡಿಹೋಯಿತು. ಜೊತೆಗಿದ್ದ ಗೆಳೆಯ ತನ್ನ ಚೀಲದಿಂದ ಪಿಕಪ್ಪಿನ ಸಣ್ಣ ಸದ್ದನ್ನು ಗಟ್ಟಿಮಾಡಿ ಮುಂದಕ್ಕೆ ಕಳಿಸುವ, ಅಂಗೈಯಗಲದ ಒಂದು ಪ್ರೀಆಂಪ್ ತೆಗೆದು ನಡುವೆ ಸೇರಿಸಿದ. ಅದೇ ಪಿಟೀಲು, ಅದೇ ಸ್ಪೀಕರ್, ಅದೇ ಕೈ. ಈ ಸಲ ಜಿ ತಂತಿಯ ದನಿ ಎದೆಗೆ ಬಂದು ತಾಗಿತು.

ಅವತ್ತು ಅರ್ಥವಾದದ್ದನ್ನು ಈಗ ಯಾರು ಕೇಳಿದರೂ ಹೇಳುತ್ತೇನೆ. ಎಲೆಕ್ಟ್ರಿಕ್ ಪಿಟೀಲು ಅಂದರೆ ಅರ್ಧ ವಾದ್ಯ. ಉಳಿದರ್ಧ ಕೇಬಲ್ಲಿನ ಆಚೆ ತುದಿಯಲ್ಲಿದೆ. ಇದು ತಲೆಯಲ್ಲಿ ಕೂತರೆ ಏನು ಕೊಳ್ಳಬೇಕು, ಯಾವುದಕ್ಕೆ ಎಷ್ಟು ದುಡ್ಡು ಎತ್ತಿಡಬೇಕು ಅನ್ನುವ ಗೊಂದಲ ಬಹಳಷ್ಟು ಕಡಿಮೆಯಾಗುತ್ತದೆ.

ಮೊದಲು ಮಾಮೂಲಿ ಪಿಟೀಲನ್ನೇ ನೋಡಿ. ಅದರ ತಂತಿ ತಾನಾಗಿ ಮಾಡುವ ಸದ್ದು ತೀರಾ ಕಡಿಮೆ. ಅಷ್ಟು ತೆಳುವಾದ ತಂತಿಗೆ ಗಾಳಿಯನ್ನು ತಳ್ಳುವ ಶಕ್ತಿ ಎಲ್ಲಿಂದ ಬರಬೇಕು? ತಂತಿಯ ಕಂಪನ ಕುದುರೆಯ ಮೂಲಕ, ಅಂದರೆ ಬ್ರಿಜ್ ಮೂಲಕ, ಪೆಟ್ಟಿಗೆಗೆ ಇಳಿಯುತ್ತದೆ. ಆ ಪೆಟ್ಟಿಗೆ ಎಲ್ಲ ಸ್ವರಗಳನ್ನೂ ಒಂದೇ ಸಮನಾಗಿ ದೊಡ್ಡದು ಮಾಡುವುದಿಲ್ಲ. ಒಳಗಿನ ಗಾಳಿ ಸುಮಾರು 270–280 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಹತ್ತಿರ ಜೋರಾಗಿ ದನಿಗೂಡಿಸುತ್ತದೆ. ಮರದ ಹಲಗೆಗಳು 400ರಿಂದ 550 ಹರ್ಟ್ಸ್ ನಡುವೆ ಎದ್ದು ಕೇಳುತ್ತವೆ. ಆಮೇಲೆ 2,000ದಿಂದ 3,000 ಹರ್ಟ್ಸ್ ಸುತ್ತ ಇನ್ನೊಂದು ಉಬ್ಬು ಇದೆ. ಕೊನೆಯ ಸಾಲಿನಲ್ಲಿ ಕೂತವರಿಗೂ ದನಿ ಮುಟ್ಟಿಸುವ ಹೊಳಪು ಬರುವುದು ಅಲ್ಲಿಂದ. ತಂತಿ ಕೊಟ್ಟದ್ದನ್ನು ಪೆಟ್ಟಿಗೆ ಸೋಸುತ್ತದೆ. ಕೆಲವನ್ನು ಎತ್ತುತ್ತದೆ, ಕೆಲವನ್ನು ನುಂಗುತ್ತದೆ. ಪಿಟೀಲಿನ ದನಿ ಅಂತ ನಾವು ಗುರುತಿಸುವುದು ಹೀಗೆ ಸೋಸಿದ ದನಿಯನ್ನು.

ಗಟ್ಟಿ ಮರದ ಎಲೆಕ್ಟ್ರಿಕ್ ಪಿಟೀಲಿನಲ್ಲಿ ಈ ಪೆಟ್ಟಿಗೆಯೇ ಇಲ್ಲ. ಕುದುರೆಯ ಹತ್ತಿರ ಕೂತ ಪಿಕಪ್ ತಂತಿಯ ಕಂಪನವನ್ನು ಹಾಗೆ ಹಾಗೇ ಹಿಡಿದು ಕಳಿಸುತ್ತದೆ. ಕಮಾನಿನ ಕೆಳಗೆ ತಂತಿ ಅಲುಗುವ ರೀತಿಯೂ ಬೇರೆ. ಕೂದಲು ತಂತಿಯನ್ನು ಹಿಡಿದು ಎಳೆಯುತ್ತದೆ, ಅದು ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಎ ತಂತಿಯಲ್ಲಿ ಇದು ಸೆಕೆಂಡಿಗೆ 440 ಸಲ ನಡೆಯುತ್ತದೆ. ಆ ಅಲೆಯ ಚಿತ್ರ ಬರೆದರೆ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಅದರಲ್ಲಿ ಮೇಲಿನ ಹಾರ್ಮೋನಿಕ್‌ಗಳು, ಅಂದರೆ ಮೂಲ ಸ್ವರದ ಜೊತೆಗೇ ಹುಟ್ಟುವ ಮೇಲಿನ ಸ್ವರಗಳು, ತುಂಬಿ ತುಳುಕುತ್ತವೆ. ಗಿಟಾರಿನ ತಂತಿ ಮೀಟಿದ ಮೇಲೆ ಮೆಲ್ಲಗೆ ಸೋಲುತ್ತಾ ಹೋಗುತ್ತದೆ, ಆದರೆ ಪಿಟೀಲಿನಲ್ಲಿ ಕಮಾನು ನಿಲ್ಲುವ ತನಕ ಈ ಹರಿತ ಹಾಗೇ ಇರುತ್ತದೆ. ಎಲೆಕ್ಟ್ರಿಕ್ ಪಿಟೀಲಿನ ಸದ್ದು ಚುಚ್ಚುತ್ತದೆ ಅಂತ ದೂರುವವರು ಕೇಳಿಸಿಕೊಂಡದ್ದು ಸೋಸದೇ ಇರುವ ಈ ದನಿಯನ್ನೇ. ಪೆಟ್ಟಿಗೆ ಮಾಡುತ್ತಿದ್ದ ಕೆಲಸವನ್ನು ಈಗ ಪ್ರೀಆಂಪ್, ಸ್ವರಗಳನ್ನು ಏರಿಳಿಸುವ ಈಕ್ವಲೈಜರ್, ಆಂಪ್, ಸ್ಪೀಕರ್ ಸೇರಿ ಮಾಡಬೇಕು.

ಈಗ ಪಿಕಪ್ ವಿಷಯ. ಇಲ್ಲೇ ಜಾಸ್ತಿ ಜನ ಎಡವುವುದು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬಹುಪಾಲು ಎಲೆಕ್ಟ್ರಿಕ್ ಪಿಟೀಲುಗಳಲ್ಲಿ ಇರುವುದು ಪೀಜೋ ಪಿಕಪ್. ಕೆಲವು ಹರಳುಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ ಹುಟ್ಟುತ್ತದೆ. 1880ರಲ್ಲಿ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಎಂಬ ಅಣ್ಣತಮ್ಮಂದಿರು ಕಂಡುಹಿಡಿದದ್ದು ಇದನ್ನೇ. ಕುದುರೆಯಲ್ಲೋ ಅದರ ಕಾಲಿನ ಕೆಳಗೋ ಇಂಥದ್ದೊಂದು ಚೂರು ಇಟ್ಟರೆ ತಂತಿ ಅಲುಗಿದಂತೆಲ್ಲ ವಿದ್ಯುತ್ ಅಲುಗುತ್ತದೆ. ತಂತಿ ಉಕ್ಕಿನದೋ ಸಿಂಥೆಟಿಕ್ಕೋ ಅನ್ನುವುದು ಅದಕ್ಕೆ ಬೇಕಿಲ್ಲ. ಕಷ್ಟ ಒಂದೇ. ಆ ಚೂರು ಕೊಡುವ ವಿದ್ಯುತ್ತು ತೀರಾ ಸ್ವಲ್ಪ. ಬಂಡೆಯ ಸಂದಿಯಲ್ಲಿ ಹನಿ ಹನಿ ಜಿನುಗುವ ಒರತೆಯ ಹಾಗೆ ಅಂದುಕೊಳ್ಳಿ. ಒರತೆಯ ಕೆಳಗೆ ಬಟ್ಟಲು ಹಿಡಿದರೆ ತುಂಬುತ್ತದೆ, ಪಂಪ್ ಇಟ್ಟು ಎಳೆದರೆ ಬತ್ತುತ್ತದೆ. ಇಂಪೀಡೆನ್ಸ್ ಅನ್ನುವ ಮಾತು ಹೇಳುವುದು ಇದನ್ನೇ. ಕೇಬಲ್ ಹೋಗಿ ಸೇರುವ ಇನ್‌ಪುಟ್ ಎಷ್ಟು ಜೋರಾಗಿ ಎಳೆಯುತ್ತದೆ ಅನ್ನುವ ಲೆಕ್ಕ. ಓಮ್ ಅಂಕಿ ದೊಡ್ಡದಿದ್ದಷ್ಟೂ ಎಳೆತ ಕಡಿಮೆ.

ಲೆಕ್ಕ ಹಾಕಿಯೇ ನೋಡೋಣ. ಒಂದು ಪೀಜೋ ಪಿಕಪ್ಪಿನ ಕೆಪ್ಯಾಸಿಟೆನ್ಸ್, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಸಾಮರ್ಥ್ಯ, 1 ನ್ಯಾನೋಫ್ಯಾರಡ್ ಅಂತ ಇಟ್ಟುಕೊಳ್ಳಿ. ಇದು ಎದುರಿಗಿನ ಇನ್‌ಪುಟ್ ಜೊತೆ ಸೇರಿ, ಒಂದು ಗಡಿಯಿಂದ ಕೆಳಗಿನ ಸ್ವರಗಳನ್ನು ಕಡಿಮೆ ಮಾಡುವ ಫಿಲ್ಟರ್ ಆಗಿಬಿಡುತ್ತದೆ. ಮಿಕ್ಸರಿನ ಲೈನ್ ಇನ್‌ಪುಟ್ ಸಾಮಾನ್ಯವಾಗಿ 10 ಕಿಲೋಓಮ್ ಆಸುಪಾಸು ಇರುತ್ತದೆ. ಆಗ ಆ ಗಡಿ ಸುಮಾರು 16,000 ಹರ್ಟ್ಸ್‌ನಲ್ಲಿ ಬೀಳುತ್ತದೆ. ಅಂದರೆ ಪಿಟೀಲು ನುಡಿಸುವ ಸ್ವರವೆಲ್ಲ ಗಡಿಯ ಕೆಳಗೇ! ಜಿ ತಂತಿಯ 196 ಹರ್ಟ್ಸ್ ಸ್ವರ ಸುಮಾರು 80ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದರೆ 3,000 ಹರ್ಟ್ಸ್‌ನ ಚೂಪು ದನಿ ಐದರಲ್ಲಿ ಒಂದು ಪಾಲಿನಷ್ಟು ಉಳಿದಿರುತ್ತದೆ. ನನ್ನ ತಗಡಿನ ಡಬ್ಬಿಯ ಸೊಳ್ಳೆ ಹುಟ್ಟಿದ್ದು ಇಲ್ಲಿ. ಅದೇ ಪಿಕಪ್ಪನ್ನು 1 ಮೆಗಾಓಮ್ ಇನ್‌ಪುಟ್ಟಿಗೆ ಕೊಟ್ಟರೆ ಗಡಿ 160 ಹರ್ಟ್ಸ್‌ಗೆ ಇಳಿಯುತ್ತದೆ, ಜಿ ತಂತಿ ಬದುಕಿಕೊಳ್ಳುತ್ತದೆ. 10 ಮೆಗಾಓಮ್ ಆದರೆ 16 ಹರ್ಟ್ಸ್, ಚಿಂತೆಯೇ ಇಲ್ಲ. ಪಿಕಪ್ ಇದಕ್ಕಿಂತ ಚಿಕ್ಕದು, ಅರ್ಧ ನ್ಯಾನೋಫ್ಯಾರಡ್ ಅಂದುಕೊಂಡರೆ 1 ಮೆಗಾಓಮ್ ಕೂಡ ಸಾಲದೆ ಹೋಗಬಹುದು. ಆಗ ಗಡಿ 320 ಹರ್ಟ್ಸ್ ಹತ್ತಿರ ನಿಲ್ಲುತ್ತದೆ.

ಆದ್ದರಿಂದ ಯಾವ ಎಲೆಕ್ಟ್ರಿಕ್ ಪಿಟೀಲು ನೋಡಿದರೂ ಮೊದಲು ಕೇಳಬೇಕಾದದ್ದು ಇದು ಆಕ್ಟಿವ್ವೋ ಪ್ಯಾಸಿವ್ವೋ ಅಂತ. ಆಕ್ಟಿವ್ ಅಂದರೆ ಒಳಗೇ ಬ್ಯಾಟರಿ ಮತ್ತು ಪುಟ್ಟ ಪ್ರೀಆಂಪ್ ಇದೆ ಅಂತ ಅರ್ಥ. ಅದನ್ನು ಎಲ್ಲಿಗೆ ಸಿಕ್ಕಿಸಿದರೂ ಹೆಚ್ಚುಕಡಿಮೆ ನಡೆಯುತ್ತದೆ. ಪ್ಯಾಸಿವ್ ಅಂದರೆ ಪಿಕಪ್ ನೇರವಾಗಿ ಕೇಬಲ್ಲಿಗೆ ಬರುತ್ತದೆ. ಯಮಹಾದ ವೈಇವಿ ಸಾಲಿನ ಪಿಟೀಲುಗಳು ಹೀಗೆ ಪ್ಯಾಸಿವ್. ಇದು ಕುಂದೇನಲ್ಲ. ಬ್ಯಾಟರಿ ಮುಗಿಯುವ ಭಯವಿಲ್ಲ, ಪ್ರೀಆಂಪನ್ನು ನಿಮಗೆ ಬೇಕಾದ ಹಾಗೆ ಆರಿಸಿಕೊಳ್ಳಬಹುದು. ಆದರೆ ಪಿಟೀಲಿನ ಜೊತೆಗೆ ಪ್ರೀಆಂಪಿಗೂ ದುಡ್ಡು ಎತ್ತಿಡಲೇಬೇಕು. ಪೂರಾ ದುಡ್ಡನ್ನು ಪಿಟೀಲಿಗೆ ಸುರಿದು ಪ್ರೀಆಂಪ್ ಆಮೇಲೆ ನೋಡೋಣ ಅನ್ನುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅವರು ತಿಂಗಳುಗಟ್ಟಲೆ ಕೆಟ್ಟ ಸದ್ದು ಕೇಳುತ್ತಾ ತಮ್ಮ ಕೈಯನ್ನೇ ಬೈದುಕೊಳ್ಳುತ್ತಿರುತ್ತಾರೆ.

ವೇದಿಕೆಯಲ್ಲಿ ಇನ್ನೊಂದು ಎಡವಟ್ಟು ಆಗುತ್ತದೆ. ಸೌಂಡ್‌ನವರು ವಾದ್ಯದ ಸದ್ದನ್ನು ದೂರದ ಮಿಕ್ಸರಿಗೆ ಕಳಿಸುವ ಡಿಐ ಬಾಕ್ಸ್ ಒಂದನ್ನು ತಂದು ಕಾಲ ಬಳಿ ಇಡುತ್ತಾರೆ. ಅದು ಪ್ಯಾಸಿವ್ ಡಿಐ ಆಗಿದ್ದರೆ ಅದರ ಇನ್‌ಪುಟ್ ಸುಮಾರು 100ರಿಂದ 150 ಕಿಲೋಓಮ್. ಮೇಲಿನ ಲೆಕ್ಕದಲ್ಲಿ ಗಡಿ 1,000 ಹರ್ಟ್ಸ್ ದಾಟುತ್ತದೆ. ಪ್ಯಾಸಿವ್ ಪಿಟೀಲಿಗೆ ಪ್ಯಾಸಿವ್ ಡಿಐ ಹೊಂದುವುದಿಲ್ಲ ಅಂತ ನೆನಪಿಟ್ಟುಕೊಂಡರೆ ಸಾಕು. ನಡುವೆ ನಿಮ್ಮ ಪ್ರೀಆಂಪ್ ಇದ್ದರೆ ಯಾವ ಡಿಐ ಆದರೂ ಸರಿ. ಡಿಐ ಔಟ್‌ಪುಟ್ ಇರುವ ಪ್ರೀಆಂಪನ್ನೇ ಕೊಂಡರೆ ಇನ್ನೂ ಒಳ್ಳೆಯದು. ಅದರಿಂದ ಬ್ಯಾಲೆನ್ಸ್ಡ್ ಕೇಬಲ್ ಎಳೆದು ದೂರದ ಮಿಕ್ಸರ್ ತನಕ ಗುಂಯ್ ಅನ್ನುವ ಸದ್ದಿಲ್ಲದೆ ಕಳಿಸಬಹುದು. ಪಿಟೀಲಿನಿಂದ ಪ್ರೀಆಂಪ್ ತನಕದ ಕೇಬಲ್ ಮಾತ್ರ ಆದಷ್ಟು ಗಿಡ್ಡ ಇರಲಿ. ಉದ್ದ ಕೇಬಲ್ ಪೀಜೋದ ಸದ್ದನ್ನು ಅಷ್ಟಿಷ್ಟು ತಗ್ಗಿಸುತ್ತದೆ, ಬೇಡದ ಗುಂಯ್‌ಗಾಟವನ್ನು ಹಿಡಿದು ತರುತ್ತದೆ.

ಪೀಜೋ ಬಿಟ್ಟರೆ ಗಿಟಾರಿನಲ್ಲಿರುವಂಥ ಮ್ಯಾಗ್ನೆಟಿಕ್ ಪಿಕಪ್ ಇರುವ ಪಿಟೀಲುಗಳೂ ಇವೆ. ಸದ್ದು ಮೆತ್ತಗೆ, ದುಂಡಗೆ. ದನಿಯನ್ನು ಬೇಕೆಂದೇ ಒರಟು ಮಾಡುವ ಡಿಸ್ಟಾರ್ಷನ್ ಹಾಕಿದರೆ ಚೆನ್ನಾಗಿ ಹಿಡಿಯುತ್ತದೆ. ಆದರೆ ಅಯಸ್ಕಾಂತಕ್ಕೆ ಸಿಕ್ಕುವ ಲೋಹದ ತಂತಿಯೇ ಬೇಕು. ಸಿಂಥೆಟಿಕ್ ತಿರುಳಿನ ತಂತಿ ಹಾಕಿ ಸದ್ದೇ ಬರುತ್ತಿಲ್ಲ ಅಂತ ಗಾಬರಿಯಾಗಬೇಡಿ.

ವಾದ್ಯವನ್ನು ಆರಿಸುವ ಮೊದಲು ನಿಮಗೆ ನಿಜವಾಗಿ ಎಲೆಕ್ಟ್ರಿಕ್ ಪಿಟೀಲು ಬೇಕಾ ಅಂತ ಕೇಳಿಕೊಳ್ಳಿ. ಈಗಿರುವ ಪಿಟೀಲಿನ ದನಿಯೇ ಇಷ್ಟ, ಅದು ಇನ್ನಷ್ಟು ಜನರಿಗೆ ಕೇಳಬೇಕು ಅಂತಷ್ಟೇ ಆಸೆ ಇದ್ದರೆ, ಅದಕ್ಕೇ ಒಂದು ಪಿಕಪ್ ಅಥವಾ ಕ್ಲಿಪ್ ಮೈಕ್ ಹಾಕಿಸಿ. ಫಿಶ್‌ಮನ್ ವಿ-200 ಅನ್ನುವ ಪಿಕಪ್ಪನ್ನು ಕುದುರೆಯ ಪಕ್ಕದ ಸಂದಿಗೆ ಸಿಕ್ಕಿಸಿದರಾಯಿತು, ಪಿಟೀಲು ಕೊರೆಯಬೇಕಿಲ್ಲ. ರಿಯಲಿಸ್ಟ್ ಪಿಕಪ್ ಕುದುರೆಯ ಕಾಲಿನ ಕೆಳಗೆ ಕೂರುತ್ತದೆ. ಡಿಪಿಎ 4099ರಂಥ ಕ್ಲಿಪ್ ಮೈಕ್ ಪೆಟ್ಟಿಗೆಯ ದನಿಯನ್ನೇ ಗಾಳಿಯಿಂದ ಹಿಡಿಯುತ್ತದೆ, ಹಾಗಾಗಿ ದನಿ ಎಲ್ಲಕ್ಕಿಂತ ಸಹಜ. ಮೆಲ್ಲಗಿನ ಕಛೇರಿಗೆ ನಾನು ಕಣ್ಣುಮುಚ್ಚಿ ಮೈಕನ್ನೇ ಆರಿಸುತ್ತೇನೆ.

ಆದರೆ ಪಕ್ಕದಲ್ಲಿ ಡ್ರಮ್ಸ್ ಇದ್ದರೆ, ಬೇಸ್ ಗಿಟಾರ್ ಇದ್ದರೆ, ಮೈಕ್ ಸೋಲುತ್ತದೆ. ಸ್ಪೀಕರಿನ ಸದ್ದು ತಿರುಗಿ ಪೆಟ್ಟಿಗೆಯನ್ನು ಅಲುಗಿಸುತ್ತದೆ, ಆ ಅಲುಗಾಟ ಮತ್ತೆ ಮೈಕಿಗೆ ಹೋಗುತ್ತದೆ, ಮತ್ತೆ ಸ್ಪೀಕರಿಗೆ, ಹೀಗೆ ಸುತ್ತಿ ಸುತ್ತಿ ಕೊನೆಗೆ ಆ ಕಿರಿಚು ಕೂಗು. ಪಿಕಪ್ ಹಾಕಿದ ಮಾಮೂಲಿ ಪಿಟೀಲು ಸ್ವಲ್ಪ ಜಾಸ್ತಿ ತಡೆಯುತ್ತದೆ, ಆದರೂ ಪೆಟ್ಟಿಗೆ ಇರುವ ತನಕ ಈ ಕಾಟ ಪೂರ್ತಿ ಹೋಗುವುದಿಲ್ಲ. ಗಟ್ಟಿ ಮರದ ಎಲೆಕ್ಟ್ರಿಕ್ ಪಿಟೀಲು ಗೆಲ್ಲುವುದು ಇಲ್ಲಿ. ಅಲುಗಲು ಪೆಟ್ಟಿಗೆಯೇ ಇಲ್ಲದ್ದರಿಂದ ಎಷ್ಟು ಜೋರು ಮಾಡಿದರೂ ಕೂಗುವುದು ತೀರಾ ಅಪರೂಪ. ರಾತ್ರಿ ಹೊತ್ತು ಅಭ್ಯಾಸಕ್ಕೆ ಬೇಕು ಅನ್ನುವವರಿಗೂ ಇದೇ ಸರಿ. ಯಮಹಾ 1997ರಲ್ಲಿ ಸೈಲೆಂಟ್ ವಯಲಿನ್ ಅಂತ ತಂದದ್ದು ಇದಕ್ಕಾಗಿಯೇ, ಹೆಡ್‌ಫೋನ್ ಹಾಕಿಕೊಂಡು ನುಡಿಸಲು. ಹೆಸರು ಸೈಲೆಂಟ್ ಆದರೂ ಕಮಾನಿನ ಉಜ್ಜುವ ಸದ್ದು ಇದ್ದೇ ಇರುತ್ತದೆ. ಪಕ್ಕದ ಕೋಣೆಗೆ ಕೇಳಿಸಲಿಕ್ಕಿಲ್ಲ, ಅದೇ ಕೋಣೆಯಲ್ಲಿ ಮಲಗಿದವರಿಗೆ ಖಂಡಿತ ಕೇಳುತ್ತದೆ. ಬರೀ ಹೆಡ್‌ಫೋನ್ ಅಭ್ಯಾಸಕ್ಕೆ ಕೊಳ್ಳುವುದಾದರೆ ಹೆಡ್‌ಫೋನ್ ಕಿಂಡಿ ಇರುವ ಮಾದರಿಯನ್ನೇ ನೋಡಿ, ಎಲ್ಲದರಲ್ಲೂ ಅದು ಇರುವುದಿಲ್ಲ.

ತೂಕದ ಬಗ್ಗೆ ಜನ ಯೋಚಿಸುವುದೇ ಇಲ್ಲ. ಮಾಮೂಲಿ ಪಿಟೀಲು ಅರ್ಧ ಕಿಲೋ ಕೂಡ ಇರುವುದಿಲ್ಲ. ಎಲೆಕ್ಟ್ರಿಕ್ ಪಿಟೀಲು ಅದಕ್ಕಿಂತ 100–150 ಗ್ರಾಂ ಜಾಸ್ತಿ ಇದ್ದರೂ ಒಂದು ಗಂಟೆ ಆದ ಮೇಲೆ ಕುತ್ತಿಗೆಗೆ ಗೊತ್ತಾಗುತ್ತದೆ. ಒಟ್ಟು ತೂಕಕ್ಕಿಂತ ಅದು ಎಲ್ಲಿದೆ ಅನ್ನುವುದು ಮುಖ್ಯ. ಬಿರಡೆಯ ಕಡೆ ಭಾರವಿದ್ದರೆ ಎಡಗೈ ಪಿಟೀಲನ್ನು ಹೊರುವ ಕೆಲಸಕ್ಕೇ ಸೋತು ಹೋಗುತ್ತದೆ, ಜಾರು ಸ್ವರಗಳು ತಡವರಿಸುತ್ತವೆ. ಕುದುರೆಯ ಬಾಗು, ತಂತಿಗಳ ನಡುವಿನ ಅಂತರ, ಕತ್ತಿನ ದಪ್ಪ, ಇವೆಲ್ಲ ನಿಮ್ಮ ಹಳೆ ಪಿಟೀಲಿಗೆ ಹತ್ತಿರ ಇರಬೇಕು. ಐದು ತಂತಿಯದು ಬೇಕಾ ಅಂತ ಬಹಳ ಜನ ಕೇಳುತ್ತಾರೆ. ಕೆಳಗೆ ಒಂದು ಸಿ ತಂತಿ ಸೇರಿ 131 ಹರ್ಟ್ಸ್ ತನಕ ಇಳಿಯಬಹುದು, ಆ ದನಿ ಮೋಹಕ ಹೌದು. ಆದರೆ ಬೇರೆ ತಂತಿಗೆ ತಾಗದ ಹಾಗೆ ಕಮಾನು ಹಿಡಿಯಲು ಇರುವ ಜಾಗ ಕಿರಿದಾಗುತ್ತದೆ. ಕಲಿಯುತ್ತಿರುವವರಿಗೆ ನಾನು ನಾಲ್ಕೇ ಸಾಕು ಅನ್ನುತ್ತೇನೆ.

ಆಂಪ್‌ಗೆ ಬರೋಣ. ಮನೆಯಲ್ಲಿ ಗಿಟಾರ್ ಆಂಪ್ ಇದೆ, ಅದು ಆಗುತ್ತದಲ್ವಾ ಅಂತ ಕೇಳುವವರೇ ಜಾಸ್ತಿ. ಸದ್ದು ಬರುತ್ತದೆ, ಆದರೆ ಅದು ಗಿಟಾರಿಗೆ ಅಂತ ಬಣ್ಣ ಹಚ್ಚಿದ ಸದ್ದು. ಗಿಟಾರ್ ಆಂಪಿನ ಸ್ಪೀಕರ್ 5,000 ಹರ್ಟ್ಸ್ ಆಚೆ ಬೇಗ ಕುಸಿಯುತ್ತದೆ, ನಡುವಿನ ಸ್ವರಗಳನ್ನು ಎತ್ತಿ ಹಿಡಿಯುತ್ತದೆ. ಕೆಲವರಿಗೆ ಇದೇ ಇಷ್ಟ. ಪೀಜೋದ ಚೂಪು ಇದರಿಂದ ತಾನಾಗಿ ಮೊಂಡಾಗುತ್ತದೆ. ರಾಕ್ ನುಡಿಸುವವರು, ಡಿಸ್ಟಾರ್ಷನ್ ಬೇಕಾದವರು ಇದನ್ನೇ ಬಳಸಲಿ. ಪಿಟೀಲು ಪಿಟೀಲಿನ ಹಾಗೇ ಕೇಳಬೇಕು ಅನ್ನುವವರಿಗೆ ಬೇಕಾದದ್ದು ಅಕೂಸ್ಟಿಕ್ ಆಂಪ್ ಅಥವಾ ಪೂರಾ ಸ್ವರಶ್ರೇಣಿಯನ್ನು ಕೊಡುವ, ಒಳಗೇ ಆಂಪ್ ಇರುವ ಪವರ್ಡ್ ಸ್ಪೀಕರ್. ಫಿಶ್‌ಮನ್ ಲೌಡ್‌ಬಾಕ್ಸ್, ಎಇಆರ್ ಕಾಂಪ್ಯಾಕ್ಟ್ 60 ಈ ಜಾತಿಯವು. ಒಳ್ಳೆ ಪ್ರೀಆಂಪ್ ಕೈಯಲ್ಲಿದ್ದರೆ ನನ್ನ ಮತ ಪವರ್ಡ್ ಸ್ಪೀಕರಿಗೆ. ಹಾಡುವ ಮೈಕಿಗೂ ಆಗುತ್ತದೆ, ಎಲ್ಲಿ ಹೋದರೂ ಸಿಗುವ ಸೌಂಡ್ ಸಿಸ್ಟಮ್ಮಿಗೂ ಅದಕ್ಕೂ ದನಿ ಹತ್ತಿರ ಇರುತ್ತದೆ, ಮನೆಯಲ್ಲಿ ಹೊಂದಿಸಿಕೊಂಡದ್ದು ವೇದಿಕೆಯಲ್ಲಿ ತೀರಾ ಬೇರೆ ಆಗುವುದಿಲ್ಲ.

ವ್ಯಾಟ್ ಅಂಕಿ ನೋಡಿ ಮರುಳಾಗಬೇಡಿ. ವ್ಯಾಟ್ ಎರಡರಷ್ಟಾದರೆ ಸದ್ದು ಹೆಚ್ಚುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತರಷ್ಟು ವ್ಯಾಟ್. 50 ವ್ಯಾಟಿಗೂ 60 ವ್ಯಾಟಿಗೂ ಕಿವಿಯಲ್ಲಿ ವ್ಯತ್ಯಾಸ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಇನ್ನು ಗುಂಡಿ ತಿರುಗಿಸುವ ಕೆಲಸ. ಪೆಟ್ಟಿಗೆ ಮಾಡುತ್ತಿದ್ದ ಸೋಸುವಿಕೆಯನ್ನು ನೀವು ಕೈಯಿಂದ ಮಾಡುವುದು ಈಗಲೇ. ಮೊದಲು ಕೆಳಗಿನ ಕಸ ತೆಗೆಯಿರಿ. ನಾಲ್ಕು ತಂತಿಯ ಪಿಟೀಲಿನ ಅತಿ ಕೆಳಗಿನ ಸ್ವರ 196 ಹರ್ಟ್ಸ್ ತಾನೇ? ಅದಕ್ಕಿಂತ ಕೆಳಗಿರುವುದು ಬರೀ ಬೆರಳು ಬಡಿದ ಸದ್ದು, ಕಮಾನು ಬಿದ್ದ ದಡ್ ದಡ್, ವೇದಿಕೆಯ ಅದುರು. 120–150 ಹರ್ಟ್ಸ್ ಹತ್ತಿರ ಹೈಪಾಸ್ ಫಿಲ್ಟರ್ ಹಾಕಿ. ಆಮೇಲೆ ಚುಚ್ಚುವ ಜಾಗ ಹುಡುಕಿ. ಅದು ಸಾಮಾನ್ಯವಾಗಿ 2,000ದಿಂದ 4,000 ಹರ್ಟ್ಸ್ ನಡುವೆ ಎಲ್ಲೋ ಇರುತ್ತದೆ. ಹುಡುಕುವ ದಾರಿ ಸುಲಭ. ಮಿಡ್ ಗುಂಡಿಯನ್ನು ಬೇಕೆಂದೇ ಮೇಲೆತ್ತಿ, ಅದರ ಫ್ರೀಕ್ವೆನ್ಸಿ ಗುಂಡಿಯನ್ನು ಮೆಲ್ಲಗೆ ತಿರುಗಿಸುತ್ತಾ ಹೋಗಿ. ಇ ತಂತಿಯಲ್ಲಿ ಉದ್ದ ಕಮಾನು ಎಳೆಯುತ್ತಿರಿ. ಹಲ್ಲು ಜುಮ್ಮೆನ್ನುವ ಜಾಗ ಸಿಕ್ಕಿತಾ? ಅಲ್ಲಿ ನಿಲ್ಲಿಸಿ, ಅದನ್ನೇ ಮೂರೋ ಆರೋ ಡೆಸಿಬೆಲ್ ತಗ್ಗಿಸಿ. ಟ್ರೆಬಲ್ ಗುಂಡಿಯನ್ನು ಪೂರ್ತಿ ಇಳಿಸಿದರೆ ಚುಚ್ಚು ಹೋಗುತ್ತದೆ, ಜೊತೆಗೆ ಜೀವವೂ ಹೋಗುತ್ತದೆ. ಕೊನೆಗೆ ಬೇಕಿದ್ದರೆ 300–500 ಹರ್ಟ್ಸ್ ಹತ್ತಿರ ಒಂದೆರಡು ಡೆಸಿಬೆಲ್ ಎತ್ತಿ. ಮರದ ಬಿಸುಪು ಇರುವುದು ಅಲ್ಲಿ. ಚೂರೇ ಚೂರು ರಿವರ್ಬ್ ಸೇರಿಸಿದರೆ ಕೋಣೆಯ ಗಾಳಿ ಸುತ್ತ ಕೂಡಿಕೊಂಡ ಹಾಗಾಗುತ್ತದೆ. ಒಣ ಪೀಜೋ ದನಿಯನ್ನು ಯಾರೂ ಬಹಳ ಹೊತ್ತು ಕೇಳಲಾರರು.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವ ದಾರಿಯೂ ಇದೆ. ಇಂಪಲ್ಸ್ ರೆಸ್ಪಾನ್ಸ್ ಅನ್ನುತ್ತಾರೆ. ಒಂದು ಒಳ್ಳೆ ಮರದ ಪಿಟೀಲಿನ ಪೆಟ್ಟಿಗೆ ಯಾವ ಸ್ವರವನ್ನು ಎಷ್ಟು ಎತ್ತುತ್ತದೆ ಅನ್ನುವುದನ್ನು ಅಳೆದು ಫೈಲ್ ಮಾಡಿಟ್ಟು, ಪೆಡಲ್ (ಕಾಲಲ್ಲಿ ಒತ್ತಿ ನಡೆಸುವ ಪುಟ್ಟ ಯಂತ್ರ) ಅಥವಾ ಕಂಪ್ಯೂಟರಿನಲ್ಲಿ ನಿಮ್ಮ ಪಿಕಪ್ಪಿನ ಸದ್ದನ್ನು ಅದರ ಮೂಲಕ ಹಾಯಿಸುತ್ತಾರೆ. ಕಳೆದುಹೋದ ಪೆಟ್ಟಿಗೆಯನ್ನು ಲೆಕ್ಕದ ರೂಪದಲ್ಲಿ ವಾಪಸ್ ತಂದ ಹಾಗೆ. ಟೋನ್‌ಡೆಕ್ಸ್‌ಟರ್ ಅನ್ನುವ ಪೆಡಲ್, ಪಿಕಪ್ ಹಾಕಿದ ಮರದ ಪಿಟೀಲಿನ ಎದುರು ಮೈಕ್ ಇಟ್ಟು ಸ್ವಲ್ಪ ಹೊತ್ತು ನುಡಿಸಿದರೆ ಎರಡರ ವ್ಯತ್ಯಾಸವನ್ನು ತಾನೇ ಕಲಿತುಕೊಳ್ಳುತ್ತದೆ. ಮೊದಲ ಸಲ ಇಂಥದ್ದನ್ನು ಕೇಳಿದಾಗ ನನಗೆ ಕಣ್ಣು ತುಂಬಿತ್ತು. ಆದರೆ ಇದನ್ನು ಪ್ರೀಆಂಪಿಗಿಂತ ಮೊದಲು ಕೊಳ್ಳಬೇಡಿ. ಜಿ ತಂತಿ ಕಳೆದುಕೊಂಡು ಬಂದ ಸದ್ದಿಗೆ ಯಾವ ಪೆಡಲ್ ಕೂಡ ಅದನ್ನು ಮರಳಿ ಕೊಡಲಾರದು. ದನಿಯ ಬಣ್ಣ ಬದಲಿಸುವ ಡಿಲೇ, ಕೋರಸ್, ಡಿಸ್ಟಾರ್ಷನ್ ಪೆಡಲ್‌ಗಳದ್ದೂ ಇದೇ ಮಾತು. ಸಾಲಿನಲ್ಲಿ ಪ್ರೀಆಂಪ್ ಮೊದಲು, ಉಳಿದದ್ದೆಲ್ಲ ಅದರ ಹಿಂದೆ. ವೈರ್‌ಲೆಸ್ ಹಾಕಿಕೊಂಡರೂ ಅಷ್ಟೇ, ಅದರ ಇನ್‌ಪುಟ್ ಎಷ್ಟು ಓಮ್ ಅಂತ ಮೊದಲು ನೋಡಿ.

ಕೊಳ್ಳಲು ಹೋಗುವಾಗ ನಿಮ್ಮದೇ ಕಮಾನು ಒಯ್ಯಿರಿ. ನಿಮ್ಮ ಪ್ರೀಆಂಪ್ ಇದ್ದರೆ ಅದನ್ನೂ. ಎಲ್ಲ ಗುಂಡಿಗಳನ್ನು ನಡುವಿಗೆ ತಂದು, ರಿವರ್ಬ್ ಪೂರ್ತಿ ತೆಗೆಸಿ, ನಾಲ್ಕೂ ತಂತಿಗಳನ್ನು ಒಂದೊಂದಾಗಿ ಒಂದೇ ಒತ್ತಡದಲ್ಲಿ ಎಳೆಯಿರಿ. ಒಂದು ತಂತಿ ಮಾತ್ರ ಸಣ್ಣಗೆ ಕೇಳಿದರೆ ಕುದುರೆ ಸರಿಯಾಗಿ ಕೂತಿಲ್ಲದೆ ಇರಬಹುದು, ಅಂಗಡಿಯವರಿಗೆ ಹೇಳಿ ಸರಿಮಾಡಿಸಿಕೊಂಡು ಮತ್ತೆ ಕೇಳಿ. ಆಮೇಲೆ ತೀರಾ ಮೆಲ್ಲಗೆ, ಉಸಿರಿನಷ್ಟು ಮೆಲ್ಲಗೆ ಎಳೆಯಿರಿ. ಅಗ್ಗದ ಪಿಕಪ್ ಇಲ್ಲಿ ಸಿಕ್ಕಿಬೀಳುತ್ತದೆ. ಸ್ವರ ಮಾಯವಾಗಿ ಬರೀ ಸರ್ ಅನ್ನುವ ಗದ್ದಲ ಉಳಿಯುತ್ತದೆ. ಅದಾದ ಮೇಲೆ ಪಿಟೀಲನ್ನು ಜೊತೆಗೆ ಬಂದವರ ಕೈಗೆ ಕೊಟ್ಟು ನೀವು ಹತ್ತು ಹೆಜ್ಜೆ ದೂರ ಹೋಗಿ ನಿಲ್ಲಿ. ಅವರಿಗೆ ನುಡಿಸಲು ಬರದಿದ್ದರೆ ಬಿಡಿ ತಂತಿ ಎಳೆದರೂ ಸಾಕು. ಗದ್ದದ ಮೂಳೆಯಿಂದ ಒಳಗೆ ಬರುವ ಕಂಪನ ಈಗ ನಿಮಗೆ ಇರುವುದಿಲ್ಲ, ಎದುರು ಕೂತವರ ಕಿವಿಗೆ ಬೀಳುವುದಷ್ಟೇ ನಿಮಗೂ ಬೀಳುತ್ತದೆ.